ಹಿಟ್ಟಿನ ಕೋಣೆಯ ಸೋಪು

ನನ್ನ ಅಣ್ಣನನ್ನು ಊರಿನವರೆಲ್ಲ ಗಡಿಯಾರ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆಯಲ್ಲ, ಎದುರಿಗೇ. ಟ್ಯೂಬ್‌ಲೈಟ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಹಾಜರಿ ಗುಮಾಸ್ತನಾಗಿದ್ದವನು ಅವನು. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಗಡಿಯಾರ ನೋಡಿ, ತನ್ನ ಕೈಗಡಿಯಾರ ನೋಡಿ, ಕುರ್ಚಿ ಹತ್ತಿ ಮುಳ್ಳು ಸರಿಮಾಡಿ, ಆಮೇಲೆ ಅದೇ ಕುರ್ಚಿಯ ಮೇಲೆ ಕೂರುತ್ತಿದ್ದ. ಇಂಥವನು ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದ ಎಂದು ಯಾರಾದರೂ ಹೇಳಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ.

ಅನುಮಾನ ಪಡುವುದರಲ್ಲಿ ನಾನು ಕಡಿಮೆಯವಳಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ ಅಂದುಕೊಳ್ಳುತ್ತೇನೆ, ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ ಅಂದುಕೊಳ್ಳುತ್ತೇನೆ. "ನಿನ್ನನ್ನ ಪೊಲೀಸ್ ಇಲಾಖೆಗೆ ಸೇರಿಸ್ಬೇಕಿತ್ತು ಕಣೇ" ಎಂದು ನಮ್ಮ ಮನೆಯವರು ಗೇಲಿ ಮಾಡುತ್ತಿದ್ದರು. ಇಷ್ಟೆಲ್ಲ ಇದ್ದೂ ಒಬ್ಬನ ಮೇಲೆ ಮಾತ್ರ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಅವನು ನನ್ನ ಅಣ್ಣ.

ಮದುವೆಯಾಗದ ಮನುಷ್ಯ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆ. ಅದರಲ್ಲಿ ಒಂದು ಮಂಚ, ಒಂದು ಟ್ರಂಕು, ನಾಲ್ಕು ಗಡಿಯಾರ. ಮಧ್ಯಾಹ್ನ ಒಂದು ಹೊಡೆಯುತ್ತಿದ್ದಂತೆ ನಮ್ಮಲ್ಲಿ ಊಟಕ್ಕೆ ಹಾಜರು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಾಗಿಲು ತಟ್ಟಿದವನಲ್ಲ. ಹೊರಗೆ ಚಪ್ಪಲಿ ಬಿಟ್ಟ ಸದ್ದಾದರೆ ನಾನು ತಟ್ಟೆ ತೆಗೆಯುತ್ತಿದ್ದೆ.

ಕಾರ್ಖಾನೆಯ ಗೇಟಿನ ಪಕ್ಕ ಅವನ ಕಿಟಕಿ. ಅದರ ಎದುರು ಗೋಡೆಗೆ ಎರಡು ಹಲಗೆ, ಒಂದು ಕೆಂಪು, ಒಂದು ಹಸಿರು. ಹಲಗೆಗಳ ತುಂಬ ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ಕೆಲಸಗಾರನ ನಂಬರು. ಒಳಗೆ ಹೋಗುವಾಗ ಬಿಲ್ಲೆ ತೆಗೆದುಕೊಳ್ಳಬೇಕು, ಹೊರಗೆ ಬರುವಾಗ ತೂಗುಹಾಕಬೇಕು. ಹಸಿರು ಹಲಗೆ ಪ್ಯಾಕಿಂಗಿನವರದು, ಕೆಂಪು ಹಲಗೆ ಹಿಟ್ಟಿನ ಕೋಣೆಯವರದು. ಹಲಗೆ ನೋಡಿಕೊಂಡೇ ಅಣ್ಣ ಹಾಜರಿ ಪುಸ್ತಕ ಬರೆಯುತ್ತಿದ್ದ.

ಹಿಟ್ಟು ಎಂದರೆ ತಿನ್ನುವ ಹಿಟ್ಟಲ್ಲ. ಗಾಜಿನ ಕೊಳವೆಯ ಒಳಮೈಗೆ ಬಳಿಯುವ ಬಿಳಿ ಪುಡಿ. ಅದಕ್ಕೊಂದು ಉದ್ದ ಹೆಸರಿದೆಯಂತೆ, ನನ್ನ ಬಾಯಿಗೆ ಬರುವುದಿಲ್ಲ. ಅದನ್ನು ಜರಡಿ ಹಿಡಿದು ಕಲಸುವ ಜಾಗಕ್ಕೆ ಕೆಲಸಗಾರರೇ ಇಟ್ಟ ಹೆಸರು ಹಿಟ್ಟಿನ ಕೋಣೆ. ನಮ್ಮ ಮನೆಯವರು ಅಲ್ಲಿ ಹನ್ನೊಂದು ವರ್ಷ ಜರಡಿ ಹಿಡಿದರು. ಮನೆಗೆ ಬಂದಾಗ ರೆಪ್ಪೆಯೆಲ್ಲ ಬೆಳ್ಳಗಿರುತ್ತಿತ್ತು. "ನೋಡೇ, ನಿನಗಿಂತ ಮೊದಲೇ ಮುದುಕ ಆಗ್ಬಿಟ್ಟೆ" ಅನ್ನುತ್ತಿದ್ದರು. ಮುದುಕರಾಗಲು ಅವರಿಗೆ ಪುರುಸೊತ್ತು ಸಿಗಲಿಲ್ಲ. ಕಾರ್ಖಾನೆ ಮುಚ್ಚಿ ಮೂರು ವರ್ಷಕ್ಕೆ, ನಲವತ್ತೆಂಟನೇ ವಯಸ್ಸಿಗೆ, ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗದೆ ಹೋಗಿಬಿಟ್ಟರು.

ಅವರು ಹೋಗಿ ಆರು ವರ್ಷವಾದ ಮೇಲೆ ಹೊಸ ಮಾಲೀಕನೊಬ್ಬ ಬಂದು ಕಾರ್ಖಾನೆ ತೆಗೆಯುತ್ತೇನೆ ಅಂದ. ಊರಿಗೆ ಊರೇ ಕುಣಿಯಿತು. ನನ್ನ ಮಗಳೂ ಅರ್ಜಿ ಹಾಕಿದಳು, ಆಯ್ಕೆಯೂ ಆದಳು. ಪತ್ರದಲ್ಲಿ ವಿಭಾಗ ಹಿಟ್ಟಿನ ಕೋಣೆ ಎಂದಿತ್ತು. ಬೇಡವೇ ಬೇಡ ಎಂದು ಕೂಗಾಡಿದೆ. "ಅಮ್ಮಾ, ಆರೋಗ್ಯ ಇಲಾಖೆಯವರು ಮೊದಲು ತಪಾಸಣೆ ಮಾಡಿಸ್ತಾರಂತೆ. ಹಿಟ್ಟಿನಿಂದ ಏನೂ ಆಗಲ್ಲ ಅಂತ ಗೊತ್ತಾದ್ರೆ ಮಾತ್ರ ಆ ಕೋಣೆ ತೆಗಿಯೋದು. ನೀನು ಸುಮ್ನೆ ಇರು" ಅಂದಳು. ಸುಮ್ಮನಿರುವ ಬಾಯಿಯೇ ನನ್ನದು?

ತಪಾಸಣೆಗೆ ಬಂದವಳು ದೊಡ್ಡಾಸ್ಪತ್ರೆಯ ಒಬ್ಬ ಡಾಕ್ಟರಮ್ಮ. ಮೂವತ್ತೂ ದಾಟಿರಲಿಕ್ಕಿಲ್ಲ. ಮೊದಲ ದಿನ ಮಾಲೀಕನ ಕಾರಿನಿಂದ ಇಳಿಯುವುದನ್ನು ನಾನೇ ಕಣ್ಣಾರೆ ಕಂಡೆ. ಮುಗಿಯಿತು, ಇವಳು ಅವನ ಕಡೆಯವಳೇ ಎಂದು ತೀರ್ಮಾನಿಸಿಬಿಟ್ಟೆ. ಹಳೇ ಹಾಜರಿ ಪುಸ್ತಕಗಳು ಎಂಟು ಮೂಟೆ ಇದ್ದವಂತೆ, ಅವನ್ನು ಸಾಗಿಸಲು ಕಾರು ಕೇಳಿದ್ದಳಂತೆ. ಹೇಳಿದವರು ಹೇಳಿದರು, ನಂಬಬೇಕಲ್ಲ!

ಮುಚ್ಚಿದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ಒಂದು ಮೇಜು ಹಾಕಿಕೊಂಡು ಕೂತಳು. ಮೇಜಿನ ಮೇಲೆ ಎರಡು ರಟ್ಟಿನ ಚಪ್ಪಲಿ ಡಬ್ಬ, ಅವುಗಳ ತುಂಬ ಚೀಟಿ. ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಚೀಟಿ. ನನಗೂ ಕರೆ ಬಂತು. ಹೋದವಳೇ ಕೇಳಿದೆ, "ಏನಮ್ಮಾ, ಔಷಧಿ ಇಲ್ಲ, ಸೂಜಿ ಇಲ್ಲ, ಬರೀ ಚೀಟಿ ಇಟ್ಕೊಂಡು ಏನು ಡಾಕ್ಟರಿಕೆ ಮಾಡ್ತೀರಿ?"

ಅವಳು ನಕ್ಕಳು. ನನ್ನ ಅನುಮಾನ ಇನ್ನೂ ಒಂದು ಹಿಡಿ ಹೆಚ್ಚಾಯಿತು.

"ನಾನು ಯಾರಿಗೂ ಏನೂ ಮಾಡಲ್ಲಮ್ಮ. ನೋಡ್ತೀನಿ, ಅಷ್ಟೆ" ಅಂದಳು. "ಈ ಪುಡಿ ಎಲ್ಲಾ ಊರಲ್ಲೂ ಇರೋದಲ್ಲ. ಆಸ್ಪತ್ರೆ ಬಾಗಿಲಲ್ಲಿ ಕೂತು ಉಸಿರಾಟದ ತೊಂದರೆ ಇರೋರನ್ನೆಲ್ಲ 'ನೀವು ಈ ಪುಡಿ ಮುಟ್ಟಿದ್ರಾ' ಅಂತ ಕೇಳಿದ್ರೆ, ಸಾವಿರ ಜನದಲ್ಲಿ ಒಬ್ರೂ ಸಿಗದೆ ಹೋಗ್ಬಹುದು. ಅದಕ್ಕೆ ತಿರುಗಿಸಿ ನೋಡೋದು. ಪುಡಿ ಮುಟ್ಟಿದೋರು ಎಷ್ಟೇ ಕಮ್ಮಿ ಇರಲಿ, ಮೊದಲು ಅವರನ್ನ ಹಿಡ್ಕೊಳ್ಳೋದು. ಅವರು ಈ ಡಬ್ಬ. ಅದೇ ಗೇಟು, ಅದೇ ಊರು, ಅದೇ ವಯಸ್ಸು, ಆದ್ರೆ ಪುಡಿ ಮುಟ್ಟದೋರು ಆ ಡಬ್ಬ. ಇಷ್ಟು ವರ್ಷದಲ್ಲಿ ಯಾವ ಡಬ್ಬದಲ್ಲಿ ಎಷ್ಟು ಜನಕ್ಕೆ ಶ್ವಾಸಕೋಶ ಕೆಟ್ಟಿತು ಅಂತ ಹೋಲಿಸೋದು."

ಮಾತು ಸರಿಯಾಗಿಯೇ ಇತ್ತು. ಸರಿಯಾಗಿರುವ ಮಾತಿನಲ್ಲೇ ಮೋಸವಿರುತ್ತದೆ ಎಂದು ಕಣ್ಣು ಚೂಪಾಗಿಸಿ ನೋಡುತ್ತಲೇ ಇದ್ದೆ. ಅವಳು ನಮ್ಮ ಮನೆಯವರ ಚೀಟಿ ಹುಡುಕಿ ತೆಗೆದಳು. ತೆಗೆದದ್ದು ಪ್ಯಾಕಿಂಗ್ ಡಬ್ಬದಿಂದ!

"ಇದೇನ್ರೀ ಇದು? ಅವರು ಹಿಟ್ಟಿನ ಕೋಣೇಲಿದ್ದೋರು!"

"ಕೊನೆಯ ನಾಲ್ಕು ವರ್ಷ ಹಸಿರು ಹಲಗೆಯಲ್ಲಿದ್ದಾರಮ್ಮ. ಅದಕ್ಕಿಂತ ಹಿಂದಿನ ಪುಸ್ತಕ ಗೆದ್ದಲು ತಿಂದಿದೆ. ಸಿಕ್ಕಿರೋ ಪುಸ್ತಕದಲ್ಲೆಲ್ಲ ಅವರು ಪ್ಯಾಕಿಂಗೇ."

"ಪುಸ್ತಕಕ್ಕೆ ಬೆಂಕಿ ಹಾಕ! ಅವರ ಬಟ್ಟೆ ಒಗೆದೋಳು ನಾನು!"

ಅವಳು ಸಿಟ್ಟಾಗಲಿಲ್ಲ. "ನಿಮ್ಮ ಮಾತು ಸುಳ್ಳು ಅಂತ ನಾನು ಹೇಳ್ತಿಲ್ಲಮ್ಮ. ಆದ್ರೆ ಮನೇಲಿ ಸಾವಾದೋರು ಪುಡಿ ನೆನಪಿಟ್ಟಿರ್ತಾರೆ, ಚೆನ್ನಾಗಿರೋರು ಮರೆತಿರ್ತಾರೆ. ಬಾಯಿಮಾತು ಕೇಳಿ ಚೀಟಿ ಬದಲಾಯಿಸ್ತಾ ಹೋದ್ರೆ, ಕಾಯಿಲೆಯವರೆಲ್ಲ ತಾವಾಗೇ ಒಂದೇ ಡಬ್ಬಕ್ಕೆ ಬಂದು ಬೀಳ್ತಾರೆ. ಆಗ ನನ್ನ ಲೆಕ್ಕಕ್ಕೆ ಅರ್ಥ ಇರಲ್ಲ. ಯಾರಿಗೆ ಏನಾಗುತ್ತೆ ಅಂತ ಗೊತ್ತಿಲ್ಲದ ಕಾಲದಲ್ಲಿ ಬರೆದ ದಾಖಲೆ ಏನಾದ್ರೂ ಇದ್ರೆ ಕೊಡಿ."

ದಾಖಲೆಯಂತೆ ದಾಖಲೆ! ಮೈಯೆಲ್ಲ ಉರಿಯಿತು. ಎದ್ದು ಬರುವ ಮುಂಚೆ ಕೇಳಿದೆ, ಇಲ್ಲಿಯವರೆಗೆ ಏನು ಕಂಡಿದ್ದೀರಿ ಎಂದು. ಅವಳು ಸ್ವಲ್ಪ ಯೋಚಿಸಿ, ಹೇಗೂ ಮುಂದಿನ ವಾರ ಗೋಡೆಗೆ ಅಂಟಿಸುವುದೇ ಎಂದು ಹೇಳಿದಳು. ಹಿಟ್ಟಿನ ಕೋಣೆಯ ಅರವತ್ತಮೂರು ಜನದಲ್ಲಿ ಒಂಬತ್ತು ಜನಕ್ಕೆ ಕಾಯಿಲೆ. ಪ್ಯಾಕಿಂಗಿನ ನೂರ ಇಪ್ಪತ್ತಾರು ಜನದಲ್ಲಿ ಹದಿನೆಂಟು. ಎರಡೂ ಕಡೆ ಏಳು ಜನಕ್ಕೆ ಒಬ್ಬರು. ವ್ಯತ್ಯಾಸವೇ ಇಲ್ಲ.

"ಹಾಗಂದ್ರೆ?"

"ಹಾಗಂದ್ರೆ ಹಿಟ್ಟಿನ ಮೇಲೆ ತಪ್ಪು ಹೊರಿಸೋಕೆ ಆಗಲ್ಲಮ್ಮ. ಆದ್ರೆ ನನಗೂ ಸಮಾಧಾನ ಇಲ್ಲ. ಟ್ಯೂಬಿಗೆ ರಟ್ಟು ಸುತ್ತೋರಲ್ಲಿ ಇಷ್ಟೊಂದು ಜನಕ್ಕೆ ಶ್ವಾಸಕೋಶ ಯಾಕೆ ಕೆಡ್ಬೇಕು?"

ಆಗ ಅವಳ ಮುಖ ನೋಡಿದೆ. ಅನುಮಾನದ ಮುಖ ನನಗೆ ಚೆನ್ನಾಗಿ ಗೊತ್ತು. ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಈ ಹುಡುಗಿ ಮಾಲೀಕನ ಕಡೆಯವಳಲ್ಲ ಎಂದು ಆ ಗಳಿಗೆಯಲ್ಲಿ ಗೊತ್ತಾಯಿತು. ಗೊತ್ತಾಗಿ ಏನು ಪ್ರಯೋಜನ? ಗೋಡೆಗೆ ಆ ಹಾಳೆ ಅಂಟಿಸಿದರೆ ಒಂದನೇ ತಾರೀಕಿಗೆ ನನ್ನ ಮಗಳು ಜರಡಿ ಹಿಡಿಯಲು ಹೋಗುತ್ತಾಳೆ.

ಮನೆಗೆ ಬಂದು ಬಟ್ಟೆ ಒಗೆಯಲು ಕೂತೆ. ಬಕೆಟ್ಟಿನ ಪಕ್ಕದಲ್ಲಿದ್ದ ಸೋಪು ಕೈಗೆ ಬಂತು. ಒಗೆಯುವ ಕೈ ಅಲ್ಲೇ ನಿಂತಿತು.

ಹಿಟ್ಟಿನ ಕೋಣೆಯವರಿಗೆ ತಿಂಗಳಿಗೊಂದು ಸೋಪು ಕೊಡುತ್ತಿದ್ದರು. ಕೆಂಪು ಬಣ್ಣದ ಗಟ್ಟಿ ಸೋಪು, ಮೇಲೆ ಕಾಗದವೂ ಇರುತ್ತಿರಲಿಲ್ಲ. ಮೈಗೆ ಮೆತ್ತಿದ ಪುಡಿ ತೊಳೆದುಕೊಳ್ಳಲಿ ಎಂದು. ಪ್ಯಾಕಿಂಗಿನವರಿಗೆ ಅದು ಸಿಗುತ್ತಿರಲಿಲ್ಲ. ಅವರ ಹೆಂಡಂದಿರು ನಲ್ಲಿಯ ಹತ್ತಿರ ನನ್ನ ಸೋಪು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನಾನು ಅದನ್ನು ದಾರದಲ್ಲಿ ಎರಡು ತುಂಡು ಮಾಡಿ, ಒಂದು ಬಟ್ಟೆಗೆ, ಒಂದು ಪಾತ್ರೆಗೆ ಎಂದು ಇಡುತ್ತಿದ್ದೆ. ಕಾರ್ಖಾನೆ ಮುಚ್ಚುವ ತಿಂಗಳಿನವರೆಗೂ ಅವರು ಸೋಪು ತಂದಿದ್ದಾರೆ. ಪ್ಯಾಕಿಂಗಿನಲ್ಲಿದ್ದರೆ ಆ ಸೋಪು ಕೊಟ್ಟವರು ಯಾರು?

ಪ್ರತಿ ತಿಂಗಳ ಮೊದಲ ದಿನ ಕಿಟಕಿಯಲ್ಲಿ ಸಹಿ ಹಾಕಿಸಿಕೊಂಡು ಸೋಪು ಕೊಡುತ್ತಿದ್ದವನು ನನ್ನ ಅಣ್ಣ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಡಾಕ್ಟರಮ್ಮ ಬಂದ ದಿನದಿಂದ ಅಣ್ಣ ಎರಡು ತುತ್ತು ಉಂಡು ಏಳುತ್ತಿದ್ದ. ನಮ್ಮ ಗೋಡೆಯ ಗಡಿಯಾರ ಆರು ನಿಮಿಷ ಹಿಂದೆ ಬಿದ್ದಿತ್ತು, ಅವನು ನೋಡಿಯೂ ಸುಮ್ಮನಿದ್ದ. ಹಿಂದಿನ ವಾರ ಅವನ ಕೋಣೆ ಗುಡಿಸಲು ಹೋದಾಗ ಟ್ರಂಕಿಗೆ ಬೀಗ ಕಂಡಿತ್ತು. ಎರಡು ಪಂಚೆ, ಒಂದು ಸ್ವೆಟರು ಇಡುವ ಟ್ರಂಕಿಗೆ ಬೀಗ ಯಾಕೆ? ಇಷ್ಟೆಲ್ಲ ಕಣ್ಣೆದುರೇ ನಡೆದರೂ, ಲೋಕವನ್ನೆಲ್ಲ ಸಂಶಯದಿಂದ ನೋಡುವ ನಾನು ಕಣ್ಣು ಮುಚ್ಚಿಕೊಂಡಿದ್ದೆನಲ್ಲ ಎಂದು ನನ್ನ ಮೇಲೇ ಕೋಪ ಬಂತು.

ಒಂದು ಗಂಟೆಗೆ ಚಪ್ಪಲಿ ಸದ್ದಾಯಿತು. ನಾನು ತಟ್ಟೆ ತೆಗೆಯಲಿಲ್ಲ. ಅವನು ಕೂತು, ಖಾಲಿ ನೆಲ ನೋಡಿ, ನನ್ನ ಮುಖ ನೋಡಿದ.

"ಯಾಕೆ, ಅಡುಗೆ ಆಗಿಲ್ವಾ?"

"ಅಣ್ಣಾ, ಇವರು ಹಿಟ್ಟಿನ ಕೋಣೆ ಬಿಟ್ಟಿದ್ದು ಯಾವಾಗ?"

ನನ್ನ ಮಗಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅವನು ಅವಳ ಕಡೆ ತಿರುಗಿ, ಆ ಪ್ರಶ್ನೆ ಕೇಳಿಸಲೇ ಇಲ್ಲವೆಂಬಂತೆ ಹೇಳಿದ, "ನೀನೇನೂ ಹೆದರ್ಬೇಡ ಮಗಾ. ನಾನು ಮಾಲೀಕರ ಹತ್ತಿರ ಮಾತಾಡಿದ್ದೀನಿ. ನಿನ್ನನ್ನ ಹಿಟ್ಟಿನ ಕೋಣೆಗೆ ಹಾಕಲ್ಲ. ಪ್ಯಾಕಿಂಗಿಗೆ ಹಾಕಿಸ್ತೀನಿ."

"ಯಾವ ಪ್ಯಾಕಿಂಗು?" ನನ್ನ ದನಿ ಬೀದಿಗೆ ಕೇಳಿಸಿರಬೇಕು. "ಇವಳಪ್ಪ ಇದ್ರಲ್ಲ, ಆ ಪ್ಯಾಕಿಂಗಾ?"

ಅಣ್ಣ ಹಾಗೇ ಗೋಡೆಗೆ ಒರಗಿದ. ಮಗಳು ನೀರು ತಂದುಕೊಟ್ಟಳು, ಕುಡಿಯಲಿಲ್ಲ. ಆಮೇಲೆ ಬಾಯಿ ಬಿಟ್ಟ.

ಕಂಪನಿಯ ಡಾಕ್ಟರು ಆರು ತಿಂಗಳಿಗೊಮ್ಮೆ ಬಂದು ಕೆಂಪು ಹಲಗೆಯವರ ಎದೆ ಪರೀಕ್ಷೆ ಮಾಡುತ್ತಿದ್ದ. ಕೆಮ್ಮು ಕಂಡವನನ್ನು ಅವತ್ತೇ ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ಯಾರಾದರೊಬ್ಬ ಕಿಟಕಿಯ ಹತ್ತಿರ ಬಂದು ಕೈ ಮುಗಿಯುತ್ತಿದ್ದ. ಗಡಿಯಾರಣ್ಣಾ, ಸ್ವಲ್ಪ ಕೆಮ್ಮಿದೆ, ಮಕ್ಕಳು ಚಿಕ್ಕವು. ಅಣ್ಣ ಅವನ ಬಿಲ್ಲೆಯನ್ನು ಕೆಂಪು ಹಲಗೆಯಿಂದ ತೆಗೆದು ಹಸಿರಿಗೆ ಹಾಕುತ್ತಿದ್ದ. ಡಾಕ್ಟರು ಹಸಿರಿನ ಕಡೆ ತಲೆ ಹಾಕುತ್ತಿರಲಿಲ್ಲ. ಪರೀಕ್ಷೆ ಮುಗಿದರೂ ಬಿಲ್ಲೆ ಅಲ್ಲೇ ಉಳಿಯುತ್ತಿತ್ತು. ವಾಪಸು ಹಾಕಿದರೆ ಮುಂದಿನ ಸಲ ಮತ್ತೆ ಅದೇ ಪಾಡು. ಮನುಷ್ಯ ಮಾತ್ರ ಹಿಟ್ಟಿನ ಕೋಣೆಗೇ ಹೋಗುತ್ತಿದ್ದ. ಮೇಸ್ತ್ರಿಗೆ ಪಳಗಿದ ಕೈ ಬೇಕಿತ್ತು, ಅವನೂ ಸುಮ್ಮನಿದ್ದ. ಎಲ್ಲರಿಗೂ ಅಣ್ಣ ದೇವರಂಥ ಮನುಷ್ಯ.

"ಎಷ್ಟು ಜನ?"

"ಹದಿನೇಳು."

"ಅವರಾಗೇ ಬಂದು ಕೇಳಿದ್ರಾ? ಇವರೂ ಕೇಳಿದ್ರಾ?"

"ಭಾವ ಕೇಳಲಿಲ್ಲ." ಅವನು ನೆಲ ನೋಡಿಕೊಂಡು ಹೇಳಿದ. "ಭಾವ ಕೆಮ್ಮೋದು ನಾನೇ ಕೇಳಿಸ್ಕೊಂಡೆ. ನಾನೇ ಬಿಲ್ಲೆ ಬದಲಾಯಿಸಿದೆ. ತಂಗಿ ಮನೆ ಅಲ್ವಾ ಅಂತ."

ಆ ನಾಲ್ಕು ವರ್ಷ! ಅವತ್ತೇ ಆ ಡಾಕ್ಟರು ಇವರ ಎದೆಗೆ ಕಿವಿಯಿಟ್ಟಿದ್ದರೆ, ಇವರು ಮನೆಗೆ ಬಂದು ಕೂತಿದ್ದರೆ, ಇನ್ನೂ ನಾಲ್ಕು ವರ್ಷ ಆ ಹಿಟ್ಟಿನ ಧೂಳು ಕುಡಿಯದೆ ಇದ್ದಿದ್ದರೆ ಎಂದು ಲೆಕ್ಕ ಹಾಕುತ್ತಾ ಹೋದೆ. ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. "ಎದ್ದೇಳು" ಅಂದೆ. "ಟ್ರಂಕಿನ ಬೀಗದ ಕೈ ತಗೋ."

ಟ್ರಂಕಿನಲ್ಲಿದ್ದದ್ದು ಸೋಪಿನ ಪುಸ್ತಕ. ಕಾರ್ಖಾನೆ ಮುಚ್ಚಿದಾಗ ಗುಜರಿಗೆ ಹಾಕಿದ್ದರಂತೆ, ಅಣ್ಣ ಎತ್ತಿಟ್ಟುಕೊಂಡಿದ್ದ. "ನಾನು ಬರೆದಿದ್ರಲ್ಲಿ ನಿಜ ಇದ್ದಿದ್ದು ಇದೊಂದ್ರಲ್ಲೇ. ಎಸೆಯೋಕೂ ಮನಸ್ಸು ಬರಲಿಲ್ಲ, ತೋರಿಸೋಕೂ ಧೈರ್ಯ ಬರಲಿಲ್ಲ" ಅಂದ. ಬಿಲ್ಲೆ ಎಲ್ಲಿಗಾದರೂ ಹೋಗಲಿ, ಹಿಟ್ಟು ಮೆತ್ತಿಕೊಂಡವನಿಗೆ ಸೋಪು ತಪ್ಪಿಸಲು ಅವನಿಂದ ಆಗಿರಲಿಲ್ಲ.

ಅದೇ ಮಧ್ಯಾಹ್ನ ಅವನನ್ನು ಮುಂದೆ ಬಿಟ್ಟುಕೊಂಡು, ಮಗಳನ್ನೂ ಕರೆದುಕೊಂಡು ಕ್ಯಾಂಟೀನಿಗೆ ಹೋದೆ. ದಾರಿಯಲ್ಲಿ ತಪ್ಪಿಸಿಕೊಂಡಾನು ಎಂದು ಹಿಂದೆಯೇ ನಡೆದೆ. ನಂಬಿಕೆ ಹೋಯಿತೆಂದರೆ ಹೋಯಿತು. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡಳು. ಪುಸ್ತಕವನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ತಿರುವಿದಳು. ಶಾಯಿ ನೋಡಿದಳು, ಸಹಿಗಳನ್ನು ಹಳೇ ಸಂಬಳದ ರಸೀದಿಯ ಸಹಿಗಳ ಪಕ್ಕ ಇಟ್ಟು ನೋಡಿದಳು. ಪರವಾಗಿಲ್ಲ, ಅನುಮಾನ ಪಡುವುದು ಇವಳಿಗೂ ಬರುತ್ತದೆ ಅಂದುಕೊಂಡೆ.

"ಸಾರ್, ನೀವು ಮಾಡಿದ್ದು ಏನು ಗೊತ್ತಾ?" ಎಂದು ಮೆಲ್ಲಗೆ ಕೇಳಿದಳು. "ಕೆಮ್ಮಿದೋರನ್ನೇ ಆರಿಸಿ ಆರಿಸಿ ಆ ಕಡೆ ಹಾಕಿದ್ದೀರಿ. ಹಿಟ್ಟು ಹಾಳು ಮಾಡಿದೋರೆಲ್ಲ ಹಿಟ್ಟೇ ಮುಟ್ಟದೋರ ಜೊತೆ ಸೇರ್ಕೊಂಡ್ರು. ಅದಕ್ಕೇ ಎರಡು ಡಬ್ಬನೂ ಒಂದೇ ಥರ ಕಂಡಿದ್ದು."

ಅಣ್ಣ ತಲೆ ಎತ್ತಲಿಲ್ಲ. "ಆ ಹದಿನೇಳು ಹೆಸರು ನಾನು ಹೇಳ್ತೀನಮ್ಮ, ಬರ್ಕೊಳ್ಳಿ."

"ನಿಮ್ಮ ನೆನಪು ಬೇಡ ಸಾರ್. ನಿಮ್ಮ ಭಾವನೂ ಅದರಲ್ಲಿದ್ದಾರೆ, ನೀವು ಹೇಳಿದ್ದನ್ನ ಮಾಲೀಕರು ಒಪ್ಪಲ್ಲ. ಒಂದೇ ನಿಯಮ ಇಡ್ತೀನಿ. ಸೋಪಿಗೆ ಸಹಿ ಹಾಕಿದೋರೆಲ್ಲ ಹಿಟ್ಟಿನ ಡಬ್ಬಕ್ಕೆ. ಅವರಿಗೆ ಕಾಯಿಲೆ ಇರಲಿ, ಬಿಡಲಿ. ಸೋಪಿನ ಪುಸ್ತಕಕ್ಕೆ ಯಾರು ಬದುಕ್ತಾರೆ ಯಾರು ಸಾಯ್ತಾರೆ ಅಂತ ಗೊತ್ತಿರಲಿಲ್ಲ."

ಅವಳು ಪುಟ ಓದುತ್ತಾ ಹೋದಳು, ಮಗಳು ಚೀಟಿ ಹುಡುಕಿ ಬದಲಾಯಿಸುತ್ತಾ ಹೋದಳು. ಸಹಿ ಹಾಕಿ ಪ್ಯಾಕಿಂಗ್ ಡಬ್ಬದಲ್ಲಿದ್ದವರು ಸರಿಯಾಗಿ ಹದಿನೇಳು ಜನ. ಅವರಲ್ಲಿ ಹದಿನಾರು ಜನಕ್ಕೆ ಕಾಯಿಲೆ. ಹದಿನೇಳನೆಯವನು ಇವತ್ತಿಗೂ ಗಟ್ಟಿಮುಟ್ಟಾಗಿ ಸೈಕಲ್ ತುಳಿಯುತ್ತಾನೆ. ಅವತ್ತು ಅವನಿಗಿದ್ದದ್ದು ಬರೀ ನೆಗಡಿಯಂತೆ, ಹೆದರುಪುಕ್ಕಲ! ಅವನ ಚೀಟಿಯೂ ನಿಯಮದ ಪ್ರಕಾರ ಈ ಕಡೆ ಬಂತು. ನಮ್ಮ ಮನೆಯವರ ಸರದಿ ಬಂದಾಗ ಮಗಳು ಕೈ ತಡೆದಳು. ನಾನೇ ಎದ್ದು ಆ ಚೀಟಿ ತೆಗೆದು ಹಿಟ್ಟಿನ ಡಬ್ಬದಲ್ಲಿಟ್ಟೆ. ಪುಸ್ತಕದಲ್ಲಿ ಅವರ ಕೊನೆಯ ಸಹಿ ಗೆರೆ ಬಿಟ್ಟು ಕೆಳಗೆ ಜಾರಿತ್ತು.

ಮತ್ತೆ ಎಣಿಸಿದರು. ಹಿಟ್ಟಿನ ಕೋಣೆಯ ಎಂಬತ್ತು ಜನದಲ್ಲಿ ಇಪ್ಪತ್ತೈದು ಜನಕ್ಕೆ ಕಾಯಿಲೆ. ಪ್ಯಾಕಿಂಗಿನ ನೂರ ಒಂಬತ್ತು ಜನದಲ್ಲಿ ಎರಡು. ಯಾರಿಗೂ ಏನೂ ವಿವರಿಸಿ ಹೇಳುವ ಅಗತ್ಯವಿರಲಿಲ್ಲ.

ಮುಂದಿನ ವಾರ ಗೋಡೆಗೆ ಅಂಟಿದ ಹಾಳೆ ಈ ಎಣಿಕೆಯದು. ಹಿಟ್ಟಿನ ಕೋಣೆ ತೆಗೆಯಲಿಲ್ಲ. ಒಂದನೇ ತಾರೀಕು ಮಗಳು ಮನೆಯಲ್ಲೇ ಇದ್ದಳು, ಬೇರೆ ಕಡೆಗೆ ಅರ್ಜಿ ಬರೆಯುತ್ತಿದ್ದಳು. ಅಣ್ಣ ಊಟಕ್ಕೆ ಬರುವುದನ್ನು ನಿಲ್ಲಿಸಿದ. ಬರಬೇಡ ಎಂದು ನಾನು ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಒಂದು ಗಂಟೆಯಾದರೆ ನನ್ನ ಕಿವಿ ತಾನಾಗಿಯೇ ಬಾಗಿಲ ಕಡೆ ಹೋಗುತ್ತಿತ್ತು. ಅದಕ್ಕೂ ಬೈದುಕೊಳ್ಳುತ್ತಿದ್ದೆ.

ಅವನು ಏನು ಮಾಡುತ್ತಿದ್ದಾನೆಂದು ಮಗಳು ಬಂದು ಹೇಳಿದಳು. ಹದಿನೇಳು ಮನೆಯ ಪಟ್ಟಿ ಹಿಡಿದು ಒಂದೊಂದೇ ಮನೆಗೆ ಹೋಗುತ್ತಿದ್ದ. ಬಾಗಿಲು ತಟ್ಟಿ, ನಾನು ಬಿಲ್ಲೆ ಬದಲಾಯಿಸಿದ್ದು ಹೀಗೆ ಹೀಗೆ, ಇದರಿಂದ ಆದದ್ದು ಇದು ಎಂದು ಹೇಳುತ್ತಿದ್ದ. ಬದುಕಿರುವವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ಒಂದು ಮನೆಯಲ್ಲಿ ಕಾಲರ್ ಹಿಡಿದರಂತೆ. ಇನ್ನೊಂದು ಮನೆಯಲ್ಲಿ, ನೀವು ಅವತ್ತು ನಮ್ಮ ಅನ್ನ ಉಳಿಸಿದ್ರಿ ಎಂದು ಟೀ ಕೊಟ್ಟರಂತೆ. ಟೀ ಕುಡಿಯದೆ ಎದ್ದು ಬಂದನಂತೆ. ಇದೂ ಏನಾದರೂ ನಾಟಕವಿರಬಹುದೇ ಎಂದು ನನಗೆ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಅಣ್ಣ. ಚಪ್ಪಲಿ ಬಿಡದೆ ಹೊಸಲಿನ ಆಚೆ ನಿಂತಿದ್ದ. ಕೈಯಲ್ಲಿ ಮಡಿಸಿ ಮಡಿಸಿ ಹರಿದ ಪಟ್ಟಿ. ಹದಿನಾರು ಹೆಸರಿನ ಮುಂದೆ ಗುರುತು ಹಾಕಿತ್ತು.

"ನಾನು ಹಾಜರಿ ಗುಮಾಸ್ತ" ಎಂದು ಶುರುಮಾಡಿದ, ನನ್ನನ್ನು ನೋಡೇ ಇಲ್ಲದವನ ಹಾಗೆ. "ನಿಮ್ಮ ಯಜಮಾನರ ಬಿಲ್ಲೆಯನ್ನ ನಾನು ತಪ್ಪು ಹಲಗೆಗೆ ಹಾಕಿದೆ. ಅವರು ಕೇಳಿರಲಿಲ್ಲ. ಅದರಿಂದ ಅವರಿಗೆ ಪರೀಕ್ಷೆ ಆಗಲಿಲ್ಲ. ಅದನ್ನ ಹೇಳೋಕೆ ಬಂದೆ."

ನಾನು ನಾನೇ ತಾನೆ. "ಇಲ್ಲಿಗೆ ಮೊದಲು ಬರ್ಬೇಕಿತ್ತು. ಕೊನೆಗೆ ಯಾಕೆ ಬಂದೆ?"

"ಎರಡು ಸಲ ಈ ಬೀದಿ ತುದಿವರೆಗೂ ಬಂದೆ ಕಣೇ" ಅಂದ. "ವಾಪಸ್ ಹೋದೆ. ಬೇರೆ ಎಲ್ಲರ ಮನೇಲೂ ಹೇಳಿದ ಮೇಲೇನೇ ಇಲ್ಲಿ ಬಾಯಿ ಬರೋದು ಅನ್ನಿಸ್ತು."

ಅವನ ಹಿಂದೆ ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ಅವನ ಕೈಯಿಂದ ಪಟ್ಟಿ ತೆಗೆದುಕೊಂಡೆ, ಕಿವಿಯ ಹಿಂದಿದ್ದ ಪೆನ್ಸಿಲನ್ನೂ ತೆಗೆದುಕೊಂಡೆ. ನಮ್ಮ ಮನೆಯವರ ಹೆಸರಿನ ಮುಂದೆ ಗುರುತು ಹಾಕಿ ವಾಪಸು ಕೊಟ್ಟೆ. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ.

"ಆ ಗಡಿಯಾರ ಆರು ನಿಮಿಷ ಹಿಂದಿದೆ" ಅಂದೆ. "ಕುರ್ಚಿ ಅಲ್ಲಿದೆ."